ಜೂನ್‌ನಲ್ಲಿ ಬಂದ ಮಲೇರಿಯಾ ಆಗಸ್ಟ್‌ನಲ್ಲಿ ಮತ್ತೆ ಬಂದಿದೆ, ಯಾವ ನುಸಿ ಕಚ್ಚಿತು?

ಬಿಜೈ ಮೂರನೇ ಮಹಡಿ

ಎಲ್ಲರಿಗೂ ಮಂಗಳೂರಿನ ಬಿಜೈಯಿಂದ ನಮಸ್ಕಾರ. ಜೂನ್ ಎರಡನೇ ವಾರದಲ್ಲಿ ನನಗೆ ಮಲೇರಿಯಾ ಬಂದಿತ್ತು. ವರದಿಯಲ್ಲಿ ವೈವಾಕ್ಸ್ ಬಗೆಯ ಮಲೇರಿಯಾ ಎಂದಿತ್ತು. ಔಷಧ ತೆಗೆದುಕೊಂಡೆ, ನಾಲ್ಕೇ ದಿನಕ್ಕೆ ಎದ್ದು ಕಚೇರಿಗೂ ಹೋದೆ. ಈಗ ಆಗಸ್ಟ್ ಕೊನೆ. ಮೊನ್ನೆ ಸಂಜೆ ಆರಕ್ಕೆ ಸರಿಯಾಗಿ ಹಲ್ಲು ಕಟಕಟ ಎನ್ನುವ ಚಳಿ ಹಿಡಿಯಿತು. ಎರಡು ಕಂಬಳಿ ಹೊದ್ದು, ಅದರ ಮೇಲೆ ಮನೆಯವಳು ಚಾಪೆ ಹಾಸಿ ಒತ್ತಿ ಹಿಡಿದರೂ ಮಂಚ ಅಲುಗುವುದು ನಿಲ್ಲಲಿಲ್ಲ. ಆಮೇಲೆ ಕಾದ ಹೆಂಚಿನಂಥ ಜ್ವರ, ಆಮೇಲೆ ದಿಂಬು ಹಿಂಡಿದರೆ ನೀರು ಬೀಳುವಷ್ಟು ಬೆವರು. ಮರುದಿನ ಏನೂ ಇಲ್ಲ, ಬೇಕಾದರೆ ಕದ್ರಿ ಗುಡ್ಡ ಹತ್ತಿ ಇಳಿಯಬಹುದಿತ್ತು. ಅದರ ಮರುದಿನ ಅದೇ ಆರು ಗಂಟೆಗೆ ಮತ್ತೆ ಚಳಿ. ರಕ್ತ ಪರೀಕ್ಷೆ ಮಾಡಿಸಿದೆ. ಮತ್ತೆ ವೈವಾಕ್ಸ್.

ನನಗೆ ಸಿಟ್ಟು ಬಂದಿರುವುದು ಏಕೆಂದರೆ, ಜೂನ್ ನಂತರ ನಮ್ಮ ಕಟ್ಟಡದಲ್ಲಿ ನಾವು ಮಾಡದ ಕೆಲಸವಿಲ್ಲ. ಎಲ್ಲ ಟ್ಯಾಂಕಿಗೂ ಮುಚ್ಚಳ, ಎಲ್ಲ ಕಿಟಕಿಗೂ ಬಲೆ. ದೀಪ ಹಚ್ಚುವ ಹೊತ್ತಾದ ಮೇಲೆ ನಾನು ಬಾಲ್ಕನಿಗೂ ಹೋಗುವುದಿಲ್ಲ. ಪಕ್ಕದ ಜಾಗದಲ್ಲಿ ಮಾತ್ರ ಒಂದು ಬಹುಮಹಡಿ ಕಟ್ಟಡ ಏಳುತ್ತಿದೆ. ಅಲ್ಲಿ ನೀರು ನಿಂತಿರುವುದು ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ಎದುರು ಮನೆಯ ಹುಡುಗಿಗೂ ಜುಲೈ ಮೊದಲ ವಾರದಲ್ಲಿ ಮಲೇರಿಯಾ ಬಂತು. ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ದೂರು ಯಾರಿಗೆ ಕೊಡಬೇಕು, ಬಲ್ಲವರು ತಿಳಿಸಿ.

ಕೊಟ್ಟಾರ ಚೌಕಿ

ಪಾಲಿಕೆಗೆ ಬರೆಯಿರಿ, ಫೋಟೋ ಹಾಕಿ ಬರೆಯಿರಿ. ಹೊಗೆ ಬಿಡುವ ಯಂತ್ರ ತರಿಸಿ. ನಮ್ಮ ಕಡೆ ಹೊಗೆ ಬಿಟ್ಟ ದಿನ ಒಂದು ನುಸಿಯೂ ಇರಲಿಲ್ಲ.

ವಾರ್ಡಿನ ಎಂಪಿಡಬ್ಲ್ಯು

ಹೊಗೆ ಬಿಟ್ಟ ದಿನ ಇರಲಿಲ್ಲ, ಸರಿ. ಮೂರನೆಯ ದಿನ? ಹೊಗೆ ಹಾರುವ ನುಸಿಯನ್ನು ಸಾಯಿಸುತ್ತದೆ, ನೀರಿನಲ್ಲಿರುವ ಮರಿಗೆ ಅದರಿಂದ ಏನೂ ಆಗುವುದಿಲ್ಲ. ಜನರಿಗೆ ಮಾತ್ರ ಯಂತ್ರದ ಸದ್ದು ಕೇಳಿದರೇ ಕೆಲಸ ಆಯಿತೆಂಬ ಸಮಾಧಾನ. ಎಂಪಿಡಬ್ಲ್ಯು ಎಂದರೆ ಬಹೂದ್ದೇಶ ಆರೋಗ್ಯ ಸಿಬ್ಬಂದಿ. ನಾನು ದಿನಕ್ಕೆ ಅರುವತ್ತು ಮನೆಯ ಟ್ಯಾಂಕ್ ಹತ್ತಿ ಇಳಿದರೆ ಯಾರೂ ನೋಡುವುದಿಲ್ಲ.

ಮಣ್ಣಗುಡ್ಡೆ ನಿವೃತ್ತ ಮೇಷ್ಟ್ರು

ಬಿಜೈಯವರೇ, ನೀವು ಬರೆದ ಚಳಿ, ಜ್ವರ, ಬೆವರು ಓದುವಾಗ ನನ್ನ ಮೈಯೇ ನಡುಗಿತು. 1990ರ ದಶಕದಲ್ಲಿ ನಮ್ಮ ಬೀದಿಯಲ್ಲಿ ಇದು ಇಲ್ಲದ ಮನೆ ಇರಲಿಲ್ಲ. ಅದಕ್ಕೂ ಮೊದಲು ಮಲೇರಿಯಾ ಎಂದರೆ ಘಟ್ಟದ ಬುಡದ ಕಾಡಿನ ಜ್ವರ, ಪಟ್ಟಣದವರಿಗಲ್ಲ ಎಂದುಕೊಂಡಿದ್ದೆವು. ಹಂಚಿನ ಮನೆಗಳು ಹೋಗಿ ಬಹುಮಹಡಿಗಳು ಏಳತೊಡಗಿದವು, ಜ್ವರವೂ ಪೇಟೆಗೆ ಇಳಿಯಿತು.

ದೇಶದ ಕಥೆಯೂ ಹೀಗೆಯೇ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಮನೆಮನೆಗೆ ಡಿಡಿಟಿ ಹೊಡೆದರು. 1960ರ ದಶಕದ ನಡುವಿನ ಹೊತ್ತಿಗೆ ವರ್ಷದ ಪ್ರಕರಣ ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಮುಗಿಯಿತು ಎಂದು ಎಲ್ಲರೂ ಕೈತೊಳೆದುಕೊಂಡರು. 1976ರಲ್ಲಿ ಅದು 64 ಲಕ್ಷ ದಾಟಿತು.

ಇನ್ನೊಂದು ವಿಷಯ, ಪಾಠ ಮಾಡಿದ ಹಳೆಯ ಚಟದಿಂದ ಹೇಳುತ್ತೇನೆ. ಇದಕ್ಕೆ ವಿಷಮಶೀತ ಜ್ವರ ಎಂದು ಬರೆಯುವವರಿದ್ದಾರೆ. ವಿಷಮಶೀತ ಎಂದರೆ ಟೈಫಾಯಿಡ್. ಮಲೇರಿಯಾಕ್ಕೆ ನಮ್ಮಲ್ಲಿ ಚಳಿಜ್ವರ ಎಂಬ ಸರಳವಾದ ಹೆಸರಿದೆ, ಅದೇ ಸಾಕು. ‘ಮಲೇರಿಯಾ’ ಎಂಬುದು ಇಟಾಲಿಯನ್ ಮಾತು, ಕೆಟ್ಟ ಗಾಳಿ ಎಂದು ಅರ್ಥ. ಗಾಳಿಯ ತಪ್ಪಲ್ಲವೆಂದು ಗೊತ್ತಾಗಿ ನೂರಿಪ್ಪತ್ತು ವರ್ಷ ದಾಟಿದರೂ ಹೆಸರು ಮಾತ್ರ ಉಳಿದಿದೆ.

ಸ್ಲೈಡು ನೋಡುವವ

ನಾನು ಇಪ್ಪತ್ತೆರಡು ವರ್ಷಗಳಿಂದ ಪ್ರಯೋಗಾಲಯದಲ್ಲಿ ರಕ್ತಲೇಪನ ನೋಡುತ್ತಿರುವವನು. ಬಿಜೈಯವರಿಗೆ ಒಂದೇ ಪ್ರಶ್ನೆ. ಜೂನ್‌ನಲ್ಲಿ ನಿಮಗೆ ಎರಡು ಬಗೆಯ ಮಾತ್ರೆ ಕೊಟ್ಟಿರಬೇಕು. ಮೂರು ದಿನದ್ದೊಂದು, ಹದಿನಾಲ್ಕು ದಿನದ್ದೊಂದು. ಹದಿನಾಲ್ಕು ದಿನದ್ದನ್ನು ಮುಗಿಸಿದ್ದೀರಾ?

ಬಿಜೈ ಮೂರನೇ ಮಹಡಿ

ಸರ್, ಜ್ವರದ ಮಾತ್ರೆ ಪೂರ್ತಿ ಮುಗಿಸಿದ್ದೇನೆ. ಇನ್ನೊಂದು ಏನೋ ಇತ್ತು, ವಿಟಮಿನ್ ಇರಬೇಕು ಎಂದುಕೊಂಡಿದ್ದೆ. ಸ್ವಲ್ಪ ದಿನ ತೆಗೆದುಕೊಂಡ ನೆನಪು. ಆದರೆ ನನ್ನ ಪ್ರಶ್ನೆ ಅದಲ್ಲ. ನೀರು ನಿಂತಿರುವುದು ಪಕ್ಕದಲ್ಲಿ.

ಬೋಳಾರದ ಬಾವಿಕಟ್ಟೆ

ಪಪ್ಪಾಯಿ ಎಲೆಯ ರಸ ಕುಡಿಯಿರಿ. ನಮ್ಮ ಭಾವನಿಗೆ ಅದರಲ್ಲೇ ಹುಷಾರಾಯಿತು.

ಕಾವೂರು ಕುಟುಂಬ ವೈದ್ಯ

ಬಾವಿಕಟ್ಟೆಯವರೇ, ನಿಮ್ಮ ಭಾವನಿಗೆ ಬಂದದ್ದು ಡೆಂಗಿ ಆಗಿರಬಹುದು. ಆಗ ಕೂಡ ಅದು ತನ್ನಷ್ಟಕ್ಕೆ ಇಳಿದಿರುತ್ತದೆ. ಡೆಂಗಿ ವೈರಾಣು, ಮಲೇರಿಯಾ ಪರೋಪಜೀವಿ. ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಅಲ್ಲಿಗೆ ಹೋಲಿಕೆ ಮುಗಿಯಿತು. ಮಲೇರಿಯಾಕ್ಕೆ ನಿರ್ದಿಷ್ಟ ಔಷಧ ಇದೆ. ಫಾಲ್ಸಿಪ್ಯಾರಂ ಬಗೆಯದಾಗಿದ್ದು ಎಲೆಯ ರಸ ಅರೆಯುತ್ತ ಕೂತರೆ ಮೆದುಳಿಗೋ ಮೂತ್ರಪಿಂಡಕ್ಕೋ ಏರುವುದಕ್ಕೆ ಎರಡು ದಿನ ಸಾಕು. ಜ್ವರ ಬಂದ ದಿನವೇ ರಕ್ತ ಕೊಡಿ.

ಈಗ ಸ್ಲೈಡು ನೋಡುವವರ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದೇ ಇಲ್ಲಿಯ ಮುಖ್ಯ ಪ್ರಶ್ನೆ. ನುಸಿ ಕಚ್ಚಿದಾಗ ಅದರ ಜೊಲ್ಲಿನ ಜೊತೆ ನೂಲಿನ ಎಳೆಯಂಥ ಕೆಲವೇ ಕೆಲವು ಜೀವಿಗಳು ಒಳಗೆ ಬರುತ್ತವೆ. ಅವು ರಕ್ತದಲ್ಲಿ ಸುತ್ತಾಡುತ್ತ ಇರುವುದಿಲ್ಲ, ಒಂದು ಗಂಟೆಯೊಳಗೆ ಯಕೃತ್ತಿಗೆ ಹೋಗಿ ಸೇರುತ್ತವೆ. ಅಲ್ಲಿ ಒಂದೊಂದೂ ಸಾವಿರಗಟ್ಟಲೆಯಾಗಿ ಒಡೆದು ಹೊರಬಂದು ಕೆಂಪು ರಕ್ತಕಣಗಳನ್ನು ಹೊಗುತ್ತವೆ. ನುಸಿ ಕಚ್ಚಿದ ಸುಮಾರು ಎರಡು ವಾರಕ್ಕೆ ಜ್ವರ. ಕಣದೊಳಗೆ ಬೆಳೆದು, ಕಣವನ್ನು ಒಡೆದು, ಬೇರೆ ಕಣಕ್ಕೆ ಹೋಗುವುದಕ್ಕೆ 48 ಗಂಟೆ. ಒಡೆದಾಗಲೇ ಚಳಿ. ಅದಕ್ಕೇ ನಿಮಗೆ ದಿನ ಬಿಟ್ಟು ದಿನ, ಗಡಿಯಾರ ನೋಡಿದಂತೆ ಆರಕ್ಕೆ.

ವೈವಾಕ್ಸಿಗೆ ಇನ್ನೊಂದು ಗುಣ ಇದೆ. ಯಕೃತ್ತಿಗೆ ಹೋದವುಗಳಲ್ಲಿ ಕೆಲವು ಬೆಳೆಯುವುದೇ ಇಲ್ಲ, ಹಾಗೆಯೇ ಮಲಗಿಬಿಡುತ್ತವೆ. ಶಾಸ್ತ್ರದಲ್ಲಿ ಹಿಪ್ನೋಜೊಯಿಟ್ ಎನ್ನುತ್ತಾರೆ, ಗ್ರೀಕ್ ಭಾಷೆಯಲ್ಲಿ ಹಿಪ್ನೋಸ್ ಎಂದರೆ ನಿದ್ದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಏಳುತ್ತವೆ. ಎದ್ದಾಗ ಹೊಸ ನುಸಿ ಕಚ್ಚಬೇಕಾಗಿಲ್ಲ. ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಯಕೃತ್ತಿನಲ್ಲಿ ಮಲಗಿದ್ದನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಪ್ರೈಮಾಕ್ವಿನ್ ಬೇಕು, ಹದಿನಾಲ್ಕು ದಿನ. ನೀವು ವಿಟಮಿನ್ ಎಂದುಕೊಂಡದ್ದು ಬಹುಶಃ ಅದು.

ಮರುಕಳಿಸಿದ್ದೋ ಹೊಸದಾಗಿ ಕಚ್ಚಿದ್ದೋ ಎಂದು ರಕ್ತ ನೋಡಿ ಹೇಳಲು ಬರುವುದಿಲ್ಲ. ಮಂಗಳೂರಿನಲ್ಲಿ ಎರಡೂ ಸಾಧ್ಯ. ಆದರೂ ಹತ್ತು ವಾರದ ಅಂತರ ಮತ್ತು ನಿಮ್ಮ ಆ ‘ಸ್ವಲ್ಪ ದಿನ’ ಎಂಬ ಮಾತು, ಎರಡನ್ನೂ ಕೂಡಿಸಿದರೆ ನನಗೆ ಪಕ್ಕದ ಕಟ್ಟಡಕ್ಕಿಂತ ನಿಮ್ಮ ಯಕೃತ್ತಿನ ಮೇಲೆಯೇ ಅನುಮಾನ ಹೆಚ್ಚು.

ಕೊಟ್ಟಾರ ಚೌಕಿ

ಹಾಗಾದರೆ ನಿಂತ ನೀರಿಗೆ ಕ್ಷಮಾದಾನವೇ ಡಾಕ್ಟರೇ? ಈ ಜ್ವರ ಎಲ್ಲ ಬರುವುದು ಹೊರಗಿನಿಂದ ಬಂದ ಕೂಲಿಯವರಿಂದ. ಅವರನ್ನು ಪರೀಕ್ಷೆ ಮಾಡದೆ ಊರೊಳಗೆ ಬಿಡಬಾರದು.

ವಾರ್ಡಿನ ಎಂಪಿಡಬ್ಲ್ಯು

ಅಣ್ಣ, ಈ ಮಾತನ್ನು ಎಲ್ಲ ಮನೆಯ ಗೇಟಿನಲ್ಲೂ ಕೇಳುತ್ತೇನೆ. ಕಿಟಕಿಗೆ ಬಲೆ ಹಾಕಿದ ಮನೆಯವರೇ ಹೆಚ್ಚು ಹೇಳುತ್ತಾರೆ. ಆ ಹುಡುಗರು ಮಲಗುವುದು ಬಾಗಿಲು ಕಿಟಕಿ ಇಲ್ಲದ ಮಹಡಿಯಲ್ಲಿ, ಕೆಳಗೆ ನಿಂತ ನೀರು, ಮೇಲೆ ಟಾರ್ಪಾಲು. ಅವರನ್ನು ಕಚ್ಚಿದ ನುಸಿ ಇಲ್ಲಿಯದ್ದು, ನೀರು ಇಲ್ಲಿಯದ್ದು. ಕೆಲವರು ಊರಿನಿಂದಲೇ ತಂದಿರುತ್ತಾರೆ, ಇಲ್ಲವೆನ್ನುವುದಿಲ್ಲ. ನಾನು ಹೋಗಿ ರಕ್ತ ತೆಗೆಯುತ್ತೇನೆ, ಮರುದಿನ ಮಾತ್ರೆ ಕೊಡುತ್ತೇನೆ. ಐದನೆಯ ದಿನ ಹೋದರೆ ಹುಡುಗ ಇಲ್ಲ. ಗುತ್ತಿಗೆದಾರ ಸುರತ್ಕಲ್ ಕಡೆಯ ಕೆಲಸಕ್ಕೆ ಕಳುಹಿಸಿದ್ದಾನೆ. ಹದಿನಾಲ್ಕು ದಿನ ಒಂದೇ ಜಾಗದಲ್ಲಿ ಇರುವುದು ಅವರ ಕೈಯಲ್ಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಮಂಚದಲ್ಲಿ, ಮೇಜಿನ ಮೇಲೆ ಮಾತ್ರೆ ಇಟ್ಟುಕೊಂಡು ಮುಗಿಸದವರೂ ನನಗೆ ಸಿಗುತ್ತಾರೆ. ಬಿಜೈ ಸರ್, ನಿಮಗೆಂದು ಹೇಳಿದ್ದಲ್ಲ.

ಬಿಜೈ ಮೂರನೇ ಮಹಡಿ

ನನಗೇ ಹೇಳಿದ್ದು ಎಂದು ಗೊತ್ತಾಯಿತು.

ಈಗಷ್ಟೇ ಎದ್ದು ಹೋಗಿ ಮೇಜಿನ ಸೆಳೆಖಾನೆ ಎಳೆದು ನೋಡಿದೆ. ವಿದ್ಯುತ್ ಬಿಲ್ಲುಗಳ ಕೆಳಗೆ, ಟಾರ್ಚಿನ ಸೆಲ್ಲಿನ ಪಕ್ಕದಲ್ಲಿ ಇತ್ತು. ಏಳೇಳು ಮಾತ್ರೆಗಳ ಎರಡು ಪಟ್ಟಿ. ಒಂದು ಮುಟ್ಟದೆ ಹಾಗೆಯೇ ಇದೆ. ಇನ್ನೊಂದರಲ್ಲಿ ಐದು ಗುಳಿ ಖಾಲಿ, ಎರಡು ಮಾತ್ರೆ ಬಾಕಿ. ಮೇಲೆ ‘ಪ್ರೈಮಾಕ್ವಿನ್’ ಎಂದೇ ಬರೆದಿದೆ. ಹದಿನಾಲ್ಕರಲ್ಲಿ ಒಂಬತ್ತು ಹಾಗೆಯೇ ಉಳಿದಿವೆ. ಈಗ ನೆನಪಾಗುತ್ತಿದೆ, ಬೆಳಗ್ಗೆ ಕಾಫಿಗೂ ಮೊದಲು ನುಂಗಿ ಹೊಟ್ಟೆ ಉರಿ ಬಂದಿತ್ತು. ಜ್ವರ ಹೇಗೂ ಬಿಟ್ಟಿದೆಯಲ್ಲ ಎಂದು ಸೆಳೆಖಾನೆಗೆ ಹಾಕಿದ್ದೆ.

ಡಾಕ್ಟರೇ, ಉಳಿದ ಒಂಬತ್ತನ್ನು ಇವತ್ತಿನಿಂದ ತೆಗೆದುಕೊಳ್ಳಲೇ?

ಕಾವೂರು ಕುಟುಂಬ ವೈದ್ಯ

ಬೇಡ. ಐದಕ್ಕೆ ಒಂಬತ್ತು ಕೂಡಿಸಿದರೆ ಹದಿನಾಲ್ಕಾಗುವುದು ಲೆಕ್ಕದಲ್ಲಿ ಮಾತ್ರ, ನಡುವೆ ಹತ್ತು ವಾರ ಕಳೆದಿದೆ. ನಿಮ್ಮನ್ನು ನೋಡುತ್ತಿರುವ ವೈದ್ಯರ ಬಳಿಗೆ ಆ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ. ನಾಚಿಕೊಳ್ಳಬೇಡಿ, ನಾವು ದಿನಾ ನೋಡುತ್ತೇವೆ. ರಕ್ತದ ಔಷಧ ಮತ್ತೆ ಮೊದಲಿನಿಂದ, ಪ್ರೈಮಾಕ್ವಿನ್ ಕೂಡ ಮೊದಲಿನಿಂದ ಹದಿನಾಲ್ಕು ದಿನ ಬರೆಯುತ್ತಾರೆ. ಪ್ರಮಾಣ ತೂಕ ನೋಡಿ ನಿರ್ಧರಿಸುತ್ತಾರೆ. ಊಟದ ಮೇಲೆ ತೆಗೆದುಕೊಂಡರೆ ಹೊಟ್ಟೆ ಉರಿ ಬಹುಮಟ್ಟಿಗೆ ಇರುವುದಿಲ್ಲ.

ಒಂದನ್ನು ಕೇಳಿಕೊಳ್ಳಿ: ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ. ಕೆಲವರ ಕೆಂಪು ಕಣಗಳಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಕಡಿಮೆ ಇರುತ್ತದೆ. ಅಂಥವರು ಪ್ರೈಮಾಕ್ವಿನ್ ತೆಗೆದುಕೊಂಡರೆ ಕಣಗಳು ಒಡೆಯುತ್ತವೆ. ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಓಡಬೇಕು. ಬಸುರಿಯರಿಗೆ, ಹಸುಗೂಸುಗಳಿಗೆ ಇದನ್ನು ಕೊಡುವುದೇ ಇಲ್ಲ. ಸೆಳೆಖಾನೆಯಲ್ಲಿ ಉಳಿದಿದೆ ಎಂದು ಪಕ್ಕದ ಮನೆಗೆ ಕೊಡುವ ಮಾತ್ರೆ ಇದಲ್ಲ.

ಅತ್ತಾವರದ ಅಕ್ಕ

ಮಗನಿಗೆ ಕಳೆದ ವಾರ ಜ್ವರ ಬಂದಿತ್ತು. ತ್ವರಿತ ಪರೀಕ್ಷೆಯ ಕಿಟ್‌ನಲ್ಲಿ ಏನೂ ಇಲ್ಲ ಎಂದು ಬಂತು, ಎರಡು ದಿನ ಬಿಟ್ಟು ಸ್ಲೈಡಿನಲ್ಲಿ ಮಲೇರಿಯಾ ಎಂದರು. ಯಾವುದನ್ನು ನಂಬುವುದು?

ಸ್ಲೈಡು ನೋಡುವವ

ಅಕ್ಕ, ಎರಡನ್ನೂ. ಮೊದಲ ದಿನ ರಕ್ತದಲ್ಲಿ ಪರೋಪಜೀವಿ ತೀರ ಕಡಿಮೆ ಇದ್ದರೆ ಕಿಟ್‌ಗೆ ಸಿಗದೆ ಹೋಗಬಹುದು, ನನ್ನ ಕಣ್ಣಿಗೂ ಸಿಗದೆ ಹೋಗಬಹುದು. ಅದಕ್ಕೇ ಒಮ್ಮೆ ಇಲ್ಲವೆಂದು ಬಂದರೂ ಜ್ವರ ಮುಂದುವರಿದರೆ ಮರುದಿನ ಮತ್ತೆ ಕೊಡಿ ಎನ್ನುತ್ತೇವೆ. ‘ನಿನ್ನೆ ತಾನೇ ಚುಚ್ಚಿದಿರಲ್ಲ’ ಎಂದು ಬೈಸಿಕೊಳ್ಳುವುದು ನಮ್ಮ ಕೆಲಸದ ಭಾಗ.

ನಾವು ಮಾಡುವುದು ಇಷ್ಟು. ಬೆರಳಿನ ತುದಿಯಿಂದ ಎರಡು ಹನಿ. ಒಂದನ್ನು ಗಾಜಿನ ಮೇಲೆ ದಪ್ಪ ಚುಕ್ಕಿಯಾಗಿ ತಿರುವುತ್ತೇವೆ, ಇನ್ನೊಂದನ್ನು ಮತ್ತೊಂದು ಗಾಜಿನ ಅಂಚಿನಿಂದ ತೆಳ್ಳಗೆ ಎಳೆಯುತ್ತೇವೆ. ದಪ್ಪದರಲ್ಲಿ ಇದೆಯೋ ಇಲ್ಲವೋ, ತೆಳುವಿನಲ್ಲಿ ಯಾವ ಬಗೆ. ವೈವಾಕ್ಸ್ ಹೊಕ್ಕ ಕಣ ಪಕ್ಕದವುಗಳಿಗಿಂತ ಉಬ್ಬಿರುತ್ತದೆ, ಒಳಗೆ ಕೆಂಪು ರವೆ ಚೆಲ್ಲಿದಂತೆ ಸಣ್ಣ ಚುಕ್ಕಿಗಳು. ಫಾಲ್ಸಿಪ್ಯಾರಂನಲ್ಲಿ ಕಣ ಉಬ್ಬುವುದಿಲ್ಲ, ಒಂದೇ ಕಣದಲ್ಲಿ ಎರಡು ಮೂರು ಉಂಗುರ ಕಾಣಬಹುದು. ಆಮೇಲೆ ಬಾಳೆಹಣ್ಣಿನ ಆಕಾರದವು ಬರುತ್ತವೆ. ಅದನ್ನು ಕಂಡಮೇಲೆ ಮರೆಯುವುದಿಲ್ಲ.

ಇನ್ನು ಫಾಲ್ಸಿಪ್ಯಾರಂ ಕಿಟ್ ಗುಣವಾದ ಮೇಲೂ ಕೆಲವು ವಾರ ಇದೆ ಎಂದೇ ತೋರಿಸಬಹುದು, ಏಕೆಂದರೆ ಅದು ಹಿಡಿಯುವುದು ಜೀವಿಯನ್ನಲ್ಲ, ಅದು ಬಿಟ್ಟುಹೋದ ಪ್ರೋಟೀನನ್ನು. ಬಿಜೈಯವರ ಯಕೃತ್ತಿನಲ್ಲಿ ಮಲಗಿದ್ದನ್ನು ಮಾತ್ರ ಕಿಟ್ ತೋರಿಸುವುದಿಲ್ಲ, ನನ್ನ ಸೂಕ್ಷ್ಮದರ್ಶಕವೂ ತೋರಿಸುವುದಿಲ್ಲ. ಜುಲೈಯಲ್ಲಿ ಅವರು ಬಂದಿದ್ದರೆ ‘ಏನೂ ಇಲ್ಲ’ ಎಂದೇ ಬರೆದು ಕೊಡುತ್ತಿದ್ದೆ.

ಬಿಜೈ ಮೂರನೇ ಮಹಡಿ

ಒಂದು ಸಂಶಯ ಕೊರೆಯುತ್ತಿದೆ, ಕೇಳಿಯೇ ಬಿಡುತ್ತೇನೆ. ಎದುರು ಮನೆಯ ಹುಡುಗಿಗೆ ಬಂದದ್ದು?

ಸ್ಲೈಡು ನೋಡುವವ

ನೀವು ಕೇಳದಿದ್ದರೆ ನಾನು ಹೇಳುತ್ತಿರಲಿಲ್ಲ. ನಿಮ್ಮ ಜ್ವರ ಜೂನ್ 10ರ ಸುಮಾರಿಗೆ ಎಂದಿಟ್ಟುಕೊಳ್ಳಿ. ವೈವಾಕ್ಸಿನಲ್ಲಿ, ನುಸಿಗೆ ಹಿಡಿಯುವ ಗಂಡು ಹೆಣ್ಣು ರೂಪಗಳು ಜ್ವರದ ಜೊತೆಜೊತೆಗೇ ರಕ್ತದಲ್ಲಿ ಬರುತ್ತವೆ. ಪರೀಕ್ಷೆಗೆ ಹೋಗುವ ಮೊದಲೇ ಒಂದು ನುಸಿ ನಿಮ್ಮನ್ನು ಕಚ್ಚಿರಬಹುದು. ಅದರ ಹೊಟ್ಟೆಯಲ್ಲಿ ಅವು ಕೂಡಿ, ಗೋಡೆಗೆ ಅಂಟಿ ಗುಳ್ಳೆಯಾಗಿ, ಒಡೆದು ಜೊಲ್ಲುಗ್ರಂಥಿಗೆ ಬರಲು ನಮ್ಮ ಹವೆಯಲ್ಲಿ ಸುಮಾರು ಹತ್ತು ಹನ್ನೆರಡು ದಿನ. ಜೂನ್ 22. ಅಲ್ಲಿಂದ ಎರಡು ವಾರ ಕೂಡಿಸಿ. ಜುಲೈ ಮೊದಲ ವಾರ.

ಹಾಗೆಂದು ಅದು ನಿಮ್ಮಿಂದಲೇ ಬಂತೆಂದು ಯಾರೂ ಹೇಳಲಾರರು. ಕಟ್ಟಡದ ಹುಡುಗರಿಂದಲೂ ಇರಬಹುದು, ಇನ್ನಾರಿಂದಲೋ ಇರಬಹುದು. ದಿನಗಳ ಲೆಕ್ಕ ಮಾತ್ರ ತಾಳೆಯಾಗುತ್ತದೆ. ಆಗಿನದಕ್ಕೆ ನಿಮ್ಮ ತಪ್ಪೇನಿಲ್ಲ, ಮಾತ್ರೆ ಆಗ ಶುರುವೇ ಆಗಿರಲಿಲ್ಲ. ಈಗಿನ ಈ ಎರಡನೆಯ ಜ್ವರದಲ್ಲಿ ದಯವಿಟ್ಟು ಪರದೆ ಕಟ್ಟಿ ಮಲಗಿ. ನುಸಿ ನಿಮಗೆ ಕಚ್ಚಬಾರದೆಂದಲ್ಲ, ನಿಮ್ಮಿಂದ ಕೊಂಡುಹೋಗಬಾರದೆಂದು.

ಮಣ್ಣಗುಡ್ಡೆ ನಿವೃತ್ತ ಮೇಷ್ಟ್ರು

ಆ ಹೊಟ್ಟೆಗೋಡೆಯ ಗುಳ್ಳೆಯನ್ನು ಮೊದಲು ಕಂಡದ್ದು ನಮ್ಮ ದೇಶದಲ್ಲೇ. 1897ರ ಆಗಸ್ಟ್ 20, ಸಿಕಂದರಾಬಾದ್. ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ, ಹುಸೇನ್ ಖಾನ್ ಎಂಬ ರೋಗಿಯನ್ನು ನುಸಿಗಳಿಂದ ಕಚ್ಚಿಸಿ, ಕಚ್ಚಿದ ಒಂದೊಂದು ನುಸಿಗೂ ಒಂದೊಂದಾಣೆ ಕೊಟ್ಟು, ಆ ನುಸಿಗಳನ್ನು ಸೀಳಿ ನೋಡುತ್ತ ಹೋದ. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಹುಸೇನ್ ಖಾನನಿಗೆ ಆಣೆಗಳು ಬಂದವು. ಯಕೃತ್ತಿನ ಕಥೆ ಗೊತ್ತಾದದ್ದು ಎಷ್ಟೋ ತಡವಾಗಿ, 1948ರಲ್ಲಿ. ಮಲಗುವ ರೂಪವನ್ನು ಕಂಡದ್ದು 1980ರ ಹೊತ್ತಿಗೆ. ಆದ್ದರಿಂದ ಬಿಜೈಯವರೇ, ನಿಮಗೆ ಗೊತ್ತಿಲ್ಲದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ನೊಬೆಲ್ ಬಂದವರಿಗೂ ಗೊತ್ತಿರಲಿಲ್ಲ.

ಮಲ್ಪೆ ದಕ್ಕೆ

ಉಡುಪಿಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಚರಂಡಿ ತುಂಬ ನುಸಿ ಇವೆ, ಕೈಬೀಸಿದರೆ ಹತ್ತು ಸಿಗುತ್ತವೆ. ಮಲೇರಿಯಾ ಮಾತ್ರ ಅಷ್ಟಿಲ್ಲ. ಹೇಗೆ?

ವಾರ್ಡಿನ ಎಂಪಿಡಬ್ಲ್ಯು

ಚರಂಡಿಯದ್ದು ಬೇರೆ ಜಾತಿ, ಕ್ಯೂಲೆಕ್ಸ್. ಅದರಿಂದ ಬರುವುದು ಆನೆಕಾಲು ರೋಗ. ನಿಮ್ಮ ಜಿಲ್ಲೆಯಲ್ಲೂ ನಮ್ಮಲ್ಲೂ ವರ್ಷಕ್ಕೊಮ್ಮೆ ಡಿಇಸಿ ಮಾತ್ರೆ ಹಂಚುತ್ತಿದ್ದದ್ದು ಅದಕ್ಕೇ. ಆ ರೋಗ ತರುವ ಹುಳುವಿನ ಮರಿಗಳು ರಾತ್ರಿ ಹೊತ್ತು ಮಾತ್ರ ಕೈಕಾಲಿನ ರಕ್ತಕ್ಕೆ ಇಳಿಯುತ್ತವೆ, ಆದ್ದರಿಂದ ರಕ್ತ ತೆಗೆಯಲು ರಾತ್ರಿ ಹೋಗುತ್ತಿದ್ದೆವು. ನಿದ್ದೆಗಣ್ಣಿನಲ್ಲಿ ಬಾಗಿಲು ತೆಗೆದವರಿಂದ ಕೇಳಿದ ಬೈಗುಳವನ್ನು ಇಲ್ಲಿ ಬರೆಯಲಾರೆ. ನಿಮ್ಮ ದೋಣಿಗಳ ಬದಿಗೆ ಕಟ್ಟಿದ ಹಳೆಯ ಟಯರು, ತೋಟದ ಅಡಿಕೆ ಹಾಳೆ, ರಬ್ಬರಿನ ಚಿಪ್ಪು, ಇವುಗಳಲ್ಲಿ ನಿಂತ ಮಳೆನೀರಿನದ್ದು ಈಡಿಸ್. ಹಗಲು ಕಚ್ಚುತ್ತದೆ, ಡೆಂಗಿ ತರುತ್ತದೆ.

ಮಲೇರಿಯಾದ್ದು ಅನಾಫಿಲಿಸ್, ನಮ್ಮ ಪಟ್ಟಣದಲ್ಲಿರುವುದು ಸ್ಟೀಫೆನ್ಸಿ ಎಂಬ ಜಾತಿ. ಅದಕ್ಕೆ ನಿಮ್ಮ ಚರಂಡಿ ಹೇಸಿಗೆ. ನಾವು ಕುಡಿಯುವಂಥ ತಿಳಿನೀರು ಬೇಕು: ಟ್ಯಾಂಕು, ಬಾವಿ, ಡ್ರಮ್ಮು, ಸಿಮೆಂಟಿಗೆ ನಿಲ್ಲಿಸಿದ ನೀರು. ಬಿಳಿ ಮಗ್ಗಿನಲ್ಲಿ ನೀರು ಮೊಗೆದು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಉಳಿದವುಗಳ ಮರಿ ತಲೆಕೆಳಗಾಗಿ ನೇತಾಡುತ್ತದೆ. ಇದರದ್ದು ನೀರಿನ ಮೇಲ್ಮೈಗೆ ಸಮವಾಗಿ, ಹುಲ್ಲಿನ ಚೂರು ತೇಲಿದಂತೆ ಮಲಗಿರುತ್ತದೆ. ನಿಮ್ಮ ನೆರಳು ಬಿದ್ದ ಕೂಡಲೇ ಸರಕ್ಕನೆ ತಳಕ್ಕೆ ಇಳಿಯುತ್ತದೆ. ಆದ್ದರಿಂದ ಇಣುಕಿ ನೋಡಿ ‘ಏನೂ ಇಲ್ಲ’ ಎನ್ನಬೇಡಿ, ಎರಡು ನಿಮಿಷ ಸುಮ್ಮನೆ ನಿಲ್ಲಿ. ಗೋಡೆಯ ಮೇಲೆ ಕೂತ ದೊಡ್ಡ ನುಸಿಯನ್ನೂ ಗುರುತಿಸಬಹುದು, ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ.

ಬೋಳಾರದ ಬಾವಿಕಟ್ಟೆ

ನಮ್ಮ ಬಾವಿಗೆ ಗಪ್ಪಿ ಮೀನು ಬಿಟ್ಟಿದ್ದೇವೆ, ಮೇಲೆ ಬಲೆ. ಮರಿ ಒಂದೂ ಇಲ್ಲ. ಪಪ್ಪಾಯಿಯ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಸೈಟ್ ಎಂಜಿನಿಯರ್

ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ಬಿಜೈಯವರ ಪಕ್ಕದ ಕೆಲಸ ನನ್ನದಲ್ಲ, ಆದರೆ ನಾನು ನೋಡಿಕೊಳ್ಳುವ ಸೈಟೂ ಹಾಗೆಯೇ ಇದೆ, ಆದ್ದರಿಂದ ನಮ್ಮ ಕಡೆಯ ಮಾತನ್ನೂ ಹೇಳುತ್ತೇನೆ.

ತಾರಸಿ ಹಾಕಿದ ಮೇಲೆ ಕಾಂಕ್ರೀಟು ಒಣಗಬಾರದು, ನೆನೆಯುತ್ತಲೇ ಗಟ್ಟಿಯಾಗಬೇಕು. ಇದಕ್ಕೆ ನಾವು ಕ್ಯೂರಿಂಗ್ ಎನ್ನುತ್ತೇವೆ. ಗಾರೆಯಲ್ಲಿ ಪಾತಿಗಳನ್ನು ಕಟ್ಟಿ ಗದ್ದೆಯ ಹಾಗೆ ನೀರು ನಿಲ್ಲಿಸುತ್ತೇವೆ. ಭಾರತೀಯ ಮಾನಕ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆಸಿದ ಸಿಮೆಂಟಿಗೆ 10 ದಿನ. ಈಗ ಬಹುಪಾಲು ಬಳಸುವುದು ಬೂದಿ ಬೆರೆಸಿದ್ದೇ. ನುಸಿಯ ಮೊಟ್ಟೆ ರೆಕ್ಕೆ ಬಂದು ಹಾರಲು ಎಷ್ಟು ದಿನ ಬೇಕು, ವಾರ್ಡಿನ ಅಕ್ಕನೇ ಹೇಳಲಿ.

ವಾರ್ಡಿನ ಎಂಪಿಡಬ್ಲ್ಯು

ಅಕ್ಕ ಅಲ್ಲ, ಅಣ್ಣ. ಎಂಟರಿಂದ ಹತ್ತು ದಿನ.

ಸೈಟ್ ಎಂಜಿನಿಯರ್

ಕ್ಷಮಿಸಿ ಅಣ್ಣ. ನೋಡಿ, ನಾವು ನೀರು ನಿಲ್ಲಿಸುವ ಅವಧಿಯೂ ಅವು ಬೆಳೆಯುವ ಅವಧಿಯೂ ಸರಿಸಮ. ನಾವೇ ತೊಟ್ಟಿಲು ಕಟ್ಟಿಕೊಟ್ಟಂತೆ. ಹಾಗೆಂದು ನೀರು ಬಿಡದಿದ್ದರೆ ತಾರಸಿ ಬಿರುಕು ಬಿಡುತ್ತದೆ. ನಾವು ಈಗ ಐದನೆಯ ದಿನ ಪಾತಿಗಳನ್ನು ಒಡೆದು, ಪೊರಕೆಯಿಂದ ಗುಡಿಸಿ, ಎರಡು ಗಂಟೆ ಬಿಟ್ಟು ಮತ್ತೆ ತುಂಬಿಸುತ್ತೇವೆ. ಕಂಬಗಳಿಗೆ ಒದ್ದೆ ಗೋಣಿ ಸುತ್ತುತ್ತೇವೆ. ತಾರಸಿಯದ್ದು ಇಷ್ಟರಲ್ಲಿ ಮುಗಿಯುತ್ತದೆ. ನಿಜವಾದ ತಲೆನೋವು ಲಿಫ್ಟಿನ ಗುಂಡಿ. ಮಹಡಿಗಳೆಲ್ಲ ಎದ್ದು, ಬಣ್ಣ ಬಳಿದು, ಲಿಫ್ಟು ಬರುವವರೆಗೆ ಒಂದು ವರ್ಷ ಅದು ಹಾಗೆಯೇ ಬಾಯಿ ತೆರೆದುಕೊಂಡು ಕೂತಿರುತ್ತದೆ. ಮಳೆನೀರು, ಊಟೆಯ ನೀರು ಎಲ್ಲ ಅಲ್ಲಿಗೇ. ಒಳಗೆ ಕತ್ತಲು, ಯಾರೂ ಇಣುಕುವುದಿಲ್ಲ. ಬಿಜೈಯವರೇ, ನಿಮ್ಮ ಅಡುಗೆಮನೆಯ ಕಿಟಕಿಯಿಂದ ಅದು ಕಾಣುವುದಿಲ್ಲ. ದೂರು ಕೊಡುವುದಾದರೆ ಲಿಫ್ಟಿನ ಗುಂಡಿ ಎಂದು ಹೆಸರಿಟ್ಟು ಕೊಡಿ.

ವಾರ್ಡಿನ ಎಂಪಿಡಬ್ಲ್ಯು

ನೂರಕ್ಕೆ ನೂರು ಸರಿ. 2015ರ ಅಕ್ಟೋಬರ್‌ನಲ್ಲಿ ನಮ್ಮ ಕೈಗೆ ಟ್ಯಾಬ್ ಕೊಟ್ಟರು. ಅದಕ್ಕೂ ಮೊದಲು ಒಂದು ಪ್ರಯೋಗಾಲಯದಲ್ಲಿ ಮಲೇರಿಯಾ ಎಂದು ಬಂದರೆ ಆ ಕಾಗದ ನಮಗೆ ತಲುಪುವಾಗ ರೋಗಿ ಹುಷಾರಾಗಿ ತಿರುಗಾಡುತ್ತಿದ್ದ. ಟ್ಯಾಬ್ ಬಂದ ಮೇಲೆ ವಿಳಾಸ ಬೇಗನೆ ಬರತೊಡಗಿತು, ಆ ಮನೆಗೆ ಹೋಗಿ ಸುತ್ತಲಿನ ನೀರು ನೋಡಿ, ಅಕ್ಕಪಕ್ಕದವರ ರಕ್ತ ತೆಗೆದು, ಮಾತ್ರೆ ಮುಗಿಸಿದರೋ ಎಂದು ವಿಚಾರಿಸಬೇಕು. ಪ್ರಕರಣಗಳು ಕಣ್ಣಿಗೆ ಕಾಣುವಷ್ಟು ಇಳಿದವು. ಜನರಿಗೆ ಭಯವೂ ಇಳಿಯಿತು, ಅದೇ ತೊಂದರೆ. ಈಗ ಹದಿನಾಲ್ಕನೆಯ ದಿನ ಕರೆ ಮಾಡಿ ಕೇಳಿದರೆ ‘ಎಲ್ಲ ಮುಗಿಸಿದೆ’ ಎನ್ನುತ್ತಾರೆ. ಖಾಲಿ ಪಟ್ಟಿ ತೋರಿಸಿ ಎಂದರೆ ಬಿಸಾಡಿದೆ ಎನ್ನುತ್ತಾರೆ.

ಅತ್ತಾವರದ ಅಕ್ಕ

ಮಲೇರಿಯಾ ಬಂದು ಹೋದವರು ರಕ್ತದಾನ ಮಾಡಬಹುದೇ? ಮನೆಯವರದ್ದು ಅಪರೂಪದ ಗುಂಪು, ಕರೆ ಬರುತ್ತಲೇ ಇರುತ್ತದೆ.

ಕಾವೂರು ಕುಟುಂಬ ವೈದ್ಯ

ಪೂರ್ತಿ ಗುಣವಾದ ಮೇಲೆ ಮೂರು ತಿಂಗಳು ಬೇಡ. ಆಮೇಲೂ ರಕ್ತನಿಧಿಯವರಿಗೆ ಹೇಳಿಯೇ ಕೊಡಲಿ.

ಕೊಟ್ಟಾರ ಚೌಕಿ

ನಾನು ಮೇಲೆ ಕೂಲಿಯವರ ಬಗ್ಗೆ ಬರೆದದ್ದು ಸ್ವಲ್ಪ ದುಡುಕಿತು. ಆದರೂ ಅವರಿಗೆ ಪರದೆ ಕೊಡುವ ಹೊಣೆ ಕಟ್ಟುವವರದ್ದಲ್ಲವೇ?

ಸೈಟ್ ಎಂಜಿನಿಯರ್

ಹೌದು. ನಾವು ಕೊಟ್ಟಿದ್ದೇವೆ. ಅರ್ಧದಷ್ಟು ಪರದೆಗಳನ್ನು ಊರಿಗೆ ಕೊಂಡುಹೋದರು. ಅಲ್ಲೂ ನುಸಿ ಇದೆ ಎಂದರು, ನಾನೇನೂ ಹೇಳಲಿಲ್ಲ.

ಬಿಜೈ ಮೂರನೇ ಮಹಡಿ

ಹದಿನೇಳು ದಿನ ಬಿಟ್ಟು ಬರೆಯುತ್ತಿದ್ದೇನೆ. ಜಿ6ಪಿಡಿ ಸರಿ ಇತ್ತು. ಪ್ರೈಮಾಕ್ವಿನ್ ಮತ್ತೆ ಒಂದರಿಂದ ಶುರುವಾಯಿತು. ರಾತ್ರಿ ಗಂಜಿ, ಉಪ್ಪಿನಕಾಯಿ ಮುಗಿಸಿದ ಮೇಲೆ ಒಂದು. ಮಗ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದ. ಒಂಬತ್ತನೆಯ ದಿನ ಮದುವೆಗೆಂದು ಕಾರ್ಕಳಕ್ಕೆ ಹೋದವನು ಮಾತ್ರೆ ಮನೆಯಲ್ಲೇ ಬಿಟ್ಟಿದ್ದೆ. ಊಟದ ಪಂಕ್ತಿಯಲ್ಲಿ ಕೂತ ಮೇಲೆ ನೆನಪಾಯಿತು. ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದು ನುಂಗಿದೆ, ಮನೆಯವಳು ಬಾಗಿಲಲ್ಲೇ ನೀರು ಹಿಡಿದು ನಿಂತಿದ್ದಳು. ನಿನ್ನೆಗೆ ಹದಿನಾಲ್ಕು. ವಾರ್ಡಿನ ಅಣ್ಣ ಇವತ್ತು ಮನೆಗೇ ಬಂದಿದ್ದರು, ಇಲ್ಲಿ ಬರೆಯುವವರು ಅವರೇ ಎಂದು ಆಗಲೇ ಗೊತ್ತಾದದ್ದು. ಎರಡೂ ಖಾಲಿ ಪಟ್ಟಿಗಳನ್ನು ಬೆಳಕಿಗೆ ಹಿಡಿದು ಗುಳಿ ಎಣಿಸಿದರು.

ಹಳೆಯ ಒಂಬತ್ತನ್ನು ಅವರ ಕೈಗೇ ಕೊಟ್ಟೆ. ಎದುರು ಮನೆಯವರಿಗೂ ಹೇಳಿದೆ. ಹುಡುಗಿ ಹದಿನಾಲ್ಕನ್ನೂ ಮುಗಿಸಿದ್ದಾಳಂತೆ. ಅವಳ ಅಜ್ಜಿ ದಿನಾ ಎದುರಿಗೆ ಕೂತು ನುಂಗಿಸುತ್ತಿದ್ದರಂತೆ.

ಪಕ್ಕದ ಕಟ್ಟಡಕ್ಕೆ ನಾವಿಬ್ಬರೂ ಜೊತೆಯಾಗಿ ಹೋದೆವು. ಲಿಫ್ಟಿನ ಗುಂಡಿಗೆ ಟಾರ್ಚು ಬಿಟ್ಟಾಗ ಮೊದಲು ಏನೂ ಕಾಣಲಿಲ್ಲ. ಅಣ್ಣ ನನ್ನ ತೋಳು ಹಿಡಿದು ‘ಅಲ್ಲಾಡಬೇಡಿ’ ಎಂದರು. ಸ್ವಲ್ಪ ಹೊತ್ತಾದ ಮೇಲೆ ಒಂದೊಂದಾಗಿ ಮೇಲೆ ಬಂದು ಅಡ್ಡ ಮಲಗಿದವು.

ಸೈಟ್ ಎಂಜಿನಿಯರ್

ಅಲ್ಲಿಯ ಮೇಸ್ತ್ರಿ ನನಗೆ ಗೊತ್ತಿರುವವನೇ. ನಿನ್ನೆ ನಮ್ಮ ಪಂಪ್ ಕೊಟ್ಟು ಕಳುಹಿಸಿದೆ, ಗುಂಡಿ ಖಾಲಿ ಮಾಡಿದ್ದಾನೆ. ಇವತ್ತು ಬೆಳಗ್ಗೆಯೇ ಮಳೆ, ಮೊಣಕಾಲಿನಷ್ಟು ಮತ್ತೆ ತುಂಬಿದೆಯಂತೆ. ಪಂಪ್ ಅಲ್ಲೇ ಇರಲಿ ಎಂದಿದ್ದೇನೆ, ಸೋಮವಾರ ಮತ್ತೆ ತೆಗೆಯುತ್ತಾನೆ.